ಗೌರವದ ಇನ್ನೊಂದು ಕೋಟು

ನಮ್ಮ ತಾಲ್ಲೂಕು ಪಂಚಾಯಿತಿ ಕಚೇರಿ ಮುಂದೆ ಒಂದು ಕಲ್ಲಿನ ಕಂಬ ಇದೆ. 1972ರಲ್ಲಿ ಸ್ವಾತಂತ್ರ್ಯಕ್ಕೆ 25 ತುಂಬಿದಾಗ ದೇಶದ ಎಷ್ಟೋ ಬ್ಲಾಕ್ ಕಚೇರಿಗಳ ಮುಂದೆ ನೆಟ್ಟರಲ್ಲ, ಅದೇ. ಒಂದು ಮುಖದಲ್ಲಿ ಸಂವಿಧಾನದ ಪೀಠಿಕೆ, ಇನ್ನೊಂದರಲ್ಲಿ ಹೋರಾಡಿದವರ ಹೆಸರು. ಈಗ ಬೈಕ್ ಒರಗಿಸೋಕೆ ಅನುಕೂಲ. ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟೋಕೂ ಅಷ್ಟು ಗಟ್ಟಿ ಕಂಬ ಊರಲ್ಲಿ ಬೇರೆ ಇಲ್ಲ.

ಹಾಗಂತ ನಾವು ಮರೆತಿದ್ದೇವೆ ಅಂತ ಯಾರೂ ಹೇಳುವಂತಿಲ್ಲ. ಪ್ರತಿ ವರ್ಷ ಆಗಸ್ಟ್ 14ರ ಮಧ್ಯಾಹ್ನ ಬಕೆಟ್ ಬರುತ್ತದೆ. ಬೈಕುಗಳನ್ನು ಪಕ್ಕಕ್ಕೆ ಎಳೆದು, ಧೂಳನ್ನೂ ಒರೆಸದೆ, ಕಂಬಕ್ಕೆ ಬಣ್ಣ ಬಳಿಯುತ್ತಾರೆ. ಒಂದು ವರ್ಷ ಬಿಳಿ, ಒಂದು ವರ್ಷ ಕೆನೆ ಬಣ್ಣ. ಕಾಂಪೌಂಡಿಗೆ ಬಳಿದು ಏನು ಉಳಿಯಿತೋ ಅದು. ಒಮ್ಮೆ ತಿಳಿ ಹಸಿರು ಬಂದಿತ್ತು. ಆ ವರ್ಷ ಕಚೇರಿಯ ಶೌಚಾಲಯವೂ ತಿಳಿ ಹಸಿರು.

ಬಣ್ಣ ಕೆತ್ತಿದ ಅಕ್ಷರದೊಳಗೆ ಇಳಿಯುತ್ತದೆ. ಮೊದಲು ಒತ್ತಕ್ಷರ ಹೋದವು. ಆಮೇಲೆ ದೀರ್ಘ. ಆಮೇಲೆ ತಲೆಕಟ್ಟು. ಐವತ್ತು ವರ್ಷದ ಗೌರವ ಪದರ ಪದರವಾಗಿ ಕೂತು, ಈಗ ಕಂಬ ಸೋಪಿನ ಬಿಲ್ಲೆ ಹಾಗೆ ನುಣ್ಣಗಿದೆ.

ಆ ಪಟ್ಟಿಯಲ್ಲಿ ಆಜಾದ್ ಹಿಂದ್ ಫೌಜಿನವರೂ ಒಬ್ಬರು ಇದ್ದರಂತೆ. ಫೌಜಿನ ಸ್ಮಾರಕಗಳ ಹಣೆಬರಹವೇ ಹಾಗೆ ಇರಬೇಕು. 1945ರ ಜುಲೈ 8ರಂದು ಸುಭಾಷ್ ಬೋಸರು ಸಿಂಗಪುರದ ಕಡಲ ದಂಡೆಯಲ್ಲಿ, ಮಡಿದ ಸೈನಿಕರಿಗಾಗಿ ಒಂದು ಸ್ಮಾರಕಕ್ಕೆ ಅಡಿಗಲ್ಲು ಹಾಕಿದರು. ಸೆಪ್ಟೆಂಬರಿನಲ್ಲಿ ಬ್ರಿಟಿಷರು ವಾಪಸ್ ಬಂದರು. ಮೌಂಟ್‌ಬ್ಯಾಟನ್ ಅಪ್ಪಣೆಯಾಯಿತು, ಸ್ಮಾರಕವನ್ನು ಉಡಾಯಿಸಿಬಿಟ್ಟರು. ಪಾಪ, ಅಷ್ಟು ದೊಡ್ಡ ಸಾಮ್ರಾಜ್ಯ ಆಳಿದವರಿಗೆ ಇಷ್ಟು ಬುದ್ಧಿ ಬೇಡ್ವಾ? ಸಿಡಿಮದ್ದೂ ದಂಡ, ಕೆಲಸವೂ ಕೆಟ್ಟಿತು. ಕೆಡವಿದ್ದಕ್ಕೇ ಜನ ನೆನಪಿಟ್ಟುಕೊಂಡರು. 1995ರಲ್ಲಿ ಸಿಂಗಪುರದವರೇ ಆ ಜಾಗದಲ್ಲಿ ಗುರುತಿನ ಫಲಕ ನಿಲ್ಲಿಸಿದರು. ಮಣಿಪುರದ ಮೊಯಿರಾಂಗಿನಲ್ಲಿ ಅದೇ ಸ್ಮಾರಕದ ಪ್ರತಿರೂಪ ಎದ್ದಿದೆ. ಸುಮ್ನೆ ವರ್ಷಕ್ಕೊಂದು ಕೋಟು ಪೇಂಟ್ ಹೊಡೆಸಿದ್ದರೆ ಸಾಕಿತ್ತು.

2023ರಲ್ಲಿ ‘ನನ್ನ ಮಣ್ಣು ನನ್ನ ದೇಶ’ ಅಭಿಯಾನ ಬಂತು. ಊರೂರಲ್ಲೂ ಶಿಲಾಫಲಕ ಹಾಕಬೇಕು, ಅದರಲ್ಲಿ ಆ ಊರಿನ ವೀರರ ಹೆಸರಿರಬೇಕು. ಹೆಸರು ಎಲ್ಲಿಂದ ತರೋದು? ಗುಮಾಸ್ತರೊಬ್ಬರು ನೋಟ್‌ಬುಕ್ ಹಿಡಿದು ಕಂಬದ ಹತ್ತಿರ ಬಂದರು. ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. ಕಣ್ಣು ಮುಚ್ಚಿ ಬೆರಳಾಡಿಸಿದರು. ಕೊನೆಗೆ ಬೈಕಿನ ಕೀಲಿಯಿಂದ ಮೆಲ್ಲಗೆ ಕೆರೆಯತೊಡಗಿದರು. ಬಿಳಿ ಉದುರಿತು, ಕೆನೆ ಉದುರಿತು, ಹಸಿರು ಬಂತು.

“ಸಾರ್, ಕೆರೀಬೇಡಿ, ಸರ್ಕಾರಿ ಆಸ್ತಿ” ಎಂದ ವಾಚ್‌ಮನ್, ಕಂಬಕ್ಕೆ ಒರಗಿಕೊಂಡೇ.

ಕಾಲು ಗಂಟೆ ಕೆರೆದ ಮೇಲೆ ಒಂದು ಅಕ್ಷರ ಸಿಕ್ಕಿತು. ‘ಪ್ಪ’. ನಮ್ಮ ಕಡೆ ಆ ಕಾಲದ ಗಂಡಸರಲ್ಲಿ ‘ಪ್ಪ’ ಇಲ್ಲದವರನ್ನು ಹುಡುಕೋದೇ ಕಷ್ಟ. ಗುಮಾಸ್ತರು ಸ್ವಲ್ಪ ಯೋಚಿಸಿ, ನೋಟ್‌ಬುಕ್ಕಿನಲ್ಲಿ ‘ಶ್ರೀ ...ಪ್ಪ ಮತ್ತು ಇತರರು’ ಎಂದು ಬರೆದುಕೊಂಡು ಎದ್ದರು.

ಕೆರೆದ ಜಾಗ ಕಲೆ ಹಾಗೆ ಎದ್ದು ಕಾಣುತ್ತಿತ್ತು. ಮರುದಿನ ಬೆಳಗ್ಗೆ ಹೋಗಿ ನೋಡಿದೆ. ಅಷ್ಟಕ್ಕೆ ಮಾತ್ರ ಟಚಪ್ ಮಾಡಿಸಿದ್ದರು.