ನಡೀತಾ ಇದೆಯಲ್ಲ, ಬಿಡಿ

ಒಂದು ಕಾಲದಲ್ಲಿ ನಮ್ಮ ಕಡೆ ಮನೆ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ 'ನಾಳೆ ಬಾ' ಎಂದು ಬರೆಯುತ್ತಿದ್ದರು. ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವ ಅದನ್ನು ಓದಿ, ಸರಿ ಹಾಗಾದರೆ ಎಂದು ವಾಪಸ್ ಹೋಗಬೇಕು. ಮಾರನೆಯ ದಿನ ಬಂದರೂ ಅದೇ ಬರಹ, ಅದೇ ವಾಪಸ್. ಓದು ಬಲ್ಲ, ಲೆಕ್ಕ ಬಾರದ ದೆವ್ವ. ಈಗ ಆ ಬರಹ ಬಾಗಿಲಿನಿಂದ ಇಳಿದು ಕಂಪ್ಯೂಟರಿನ ಪರದೆಗೆ ಬಂದಿದೆ. ಹೊಸ ವಿಂಡೋಸ್ ಸಿದ್ಧವಾಗಿದೆ, ಈಗಲೇ ಹಾಕಲೇ ಎಂದು ಅದು ಕೇಳುತ್ತದೆ. ನಾವು 'ಆಮೇಲೆ ನೆನಪಿಸು' ಒತ್ತಿ ಕೆಲಸ ಮುಂದುವರಿಸುತ್ತೇವೆ. ತೊಂದರೆ ಏನೆಂದರೆ ಈ ದೆವ್ವಕ್ಕೆ ಲೆಕ್ಕ ಬರುತ್ತದೆ. ತಾರೀಖು ಹಿಡಿದುಕೊಂಡೇ ಬರುತ್ತದೆ.

ವಿಂಡೋಸ್ 10ಕ್ಕೆ ಅದನ್ನು ಮಾಡಿದ ಮೈಕ್ರೋಸಾಫ್ಟಿನವರು ಬೆಂಬಲ ನಿಲ್ಲಿಸಿದ ತಾರೀಖು 2025ರ ಅಕ್ಟೋಬರ್ 14. ಆ ವರ್ಷ ಆಯುಧಪೂಜೆ ಅಕ್ಟೋಬರ್ 1ಕ್ಕೆ ಇತ್ತು. ಆಫೀಸು, ಅಂಗಡಿಗಳಲ್ಲಿ ಸಿಪಿಯು ಡಬ್ಬಕ್ಕೆ ಕುಂಕುಮ ಇಟ್ಟು, ಮಾನಿಟರಿಗೆ ಸೇವಂತಿಗೆ ಹಾರ ಹಾಕಿ, ಬೂದುಗುಂಬಳ ಒಡೆದು, ಕಡ್ಲೆಪುರಿ ಹಂಚಿದ್ದರು. ಹಾಗೆ ಪೂಜೆ ಮಾಡಿಸಿಕೊಂಡ ಎಷ್ಟೋ ಕಂಪ್ಯೂಟರುಗಳಿಗೆ ಎರಡು ವಾರದೊಳಗೆ 'ಇನ್ನು ನಿನ್ನ ಪಾಡು ನಿನಗೆ' ಎಂದು ಹೇಳಿ ಕಳಿಸಿದರು. ಕುಂಕುಮ ಇನ್ನೂ ಒರೆಸಿರಲಿಲ್ಲ.

ಹಾಗಂತ ಆ ದಿನ ಏನೂ ಆಗಲಿಲ್ಲ. ಅಕ್ಟೋಬರ್ 15ರ ಬೆಳಗ್ಗೆ ಗುಂಡಿ ಒತ್ತಿದರೆ ಕಂಪ್ಯೂಟರ್ ಎಂದಿನಂತೆ ಎದ್ದು ಕೂತಿತು. ತಿಂಗಳ ಎರಡನೆಯ ಮಂಗಳವಾರ ಮೈಕ್ರೋಸಾಫ್ಟಿನವರು ಕಳಿಸುವ ತೇಪೆ ಇನ್ನು ಸುಮ್ಮನೆ ಬರುವುದಿಲ್ಲ, ಅಷ್ಟೇ. ಕಳ್ಳರು ನುಸುಳಬಹುದಾದ ಹೊಸ ತೂತು ಕಂಡರೆ ಮುಚ್ಚುವವರಿಲ್ಲ. ತೂತು ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ನಮಗೆ ಹೆದರಿಕೆಯೂ ಹುಟ್ಟುವುದಿಲ್ಲ. 'ನಡೀತಾ ಇದೆಯಲ್ಲ, ಬಿಡಿ' ಎನ್ನುವ ನಮ್ಮ ದೊಡ್ಡ ಸಿದ್ಧಾಂತ ನಿಂತಿರುವುದೇ ಈ ಕಾಣದಿರುವಿಕೆಯ ಮೇಲೆ.

ಇದನ್ನು ಸೋಮಾರಿತನ ಎಂದು ಬೈಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅರ್ಧ ಕಾರಣ ನಮ್ಮ ಕೈಯಲ್ಲಿದೆ. ಕೈಗೆ ತನ್ನದೇ ನೆನಪು. ಎಡಗಡೆ ಕೆಳಮೂಲೆಗೆ ಹೋಗಿ ಸ್ಟಾರ್ಟ್ ಒತ್ತಬೇಕು ಎಂದು ತಲೆ ಹೇಳಬೇಕಿಲ್ಲ, ಮೌಸ್ ತಾನಾಗಿಯೇ ಹೋಗುತ್ತದೆ. 2012ರಲ್ಲಿ ವಿಂಡೋಸ್ 8 ಬಂದಾಗ ಆ ಗುಂಡಿಯನ್ನೇ ತೆಗೆದುಹಾಕಿದರು. ಜನ ಮೂಲೆಗೆ ಹೋಗಿ ಹೋಗಿ ಒತ್ತಿದರು, ಅಲ್ಲಿ ಏನೂ ಇಲ್ಲ. ಎಷ್ಟು ಗಲಾಟೆಯಾಯಿತೆಂದರೆ ಮರುವರ್ಷವೇ 8.1ರಲ್ಲಿ ಗುಂಡಿ ವಾಪಸ್ ಬಂತು. 11ರಲ್ಲಿ ಗುಂಡಿ ಇದೆ, ಆದರೆ ಸರಿದು ನಡುವೆ ಕೂತಿದೆ. ಅದನ್ನು ಎಡಕ್ಕೆ ತಳ್ಳಲು ಸೆಟ್ಟಿಂಗ್ಸ್‌ನಲ್ಲಿ ದಾರಿ ಇದೆ ಅನ್ನಿ. ಹೊಸ ಮನೆಗೆ ಹೋದವರು ಮೊದಲು ಹಳೆಯ ಮನೆಯ ಹಾಗೆ ಜೋಡಿಸಿಕೊಳ್ಳುವುದಾದರೆ ಮನೆ ಬದಲಾಯಿಸಿದ್ದು ಯಾಕೆ ಎಂದು ಕೇಳಬೇಡಿ.

ಪ್ರೀತಿ ಅಂದರೆ ವಿಂಡೋಸ್ ಎಕ್ಸ್‌ಪಿ ಮೇಲಿನ ಪ್ರೀತಿ. 2001ರ ಅಕ್ಟೋಬರಿನಲ್ಲಿ ಬಂದದ್ದು, ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ಅಷ್ಟು ವರ್ಷ ಒಂದೇ ಪರದೆ ನೋಡಿದರೆ ಯಾರಿಗೂ ಅದು ತನ್ನದೇ ಅನ್ನಿಸುತ್ತದೆ. ಹಸಿರು ಗುಡ್ಡ, ಮೇಲೆ ನೀಲಿ ಆಕಾಶ, ಬಿಳಿ ಮೋಡ. ಕಂಪ್ಯೂಟರಿನಲ್ಲೇ ಬಿಡಿಸಿದ ಚಿತ್ರ ಎಂದು ಬಹಳ ಜನ ಈಗಲೂ ಅಂದುಕೊಂಡಿದ್ದಾರೆ. ಅದು ನಿಜವಾದ ಗುಡ್ಡ. ಅಮೆರಿಕದ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ಚಾರ್ಲ್ಸ್ ಓ'ರಿಯರ್ ಎಂಬ ಛಾಯಾಗ್ರಾಹಕ 1996ರಲ್ಲಿ ತೆಗೆದ ಫೋಟೋ. ಅಲ್ಲಿದ್ದ ದ್ರಾಕ್ಷಿ ಬಳ್ಳಿಗಳಿಗೆ ಹುಳು ಬಿದ್ದು ಕಿತ್ತುಹಾಕಿದ್ದರಿಂದ ಆ ಹೊತ್ತಿಗೆ ಬರೀ ಹುಲ್ಲು ಬೆಳೆದಿತ್ತು. ಆಮೇಲೆ ಮತ್ತೆ ದ್ರಾಕ್ಷಿ ಹಾಕಿದರು. ಅಂದರೆ ಗುಡ್ಡ ಕೂಡ ಅಪ್‌ಗ್ರೇಡ್ ಆಗಿದೆ. ಆಗದೆ ಉಳಿದವರು ನಮ್ಮೂರಿನ ಡಿಟಿಪಿ ಅಂಗಡಿಯವರು.

ಬಸ್‌ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ. ಮದುವೆ ಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ಬಿಲ್ ಬುಕ್ಕು, ಜಾತ್ರೆಯ ಕರಪತ್ರ, ವೈಕುಂಠ ಸಮಾರಾಧನೆಯ ಕಾರ್ಡು, ಎಲ್ಲ ಅಲ್ಲೇ. ಟೇಬಲ್ ಮೇಲೆ ಹಳದಿಗಟ್ಟಿದ ಕೀಬೋರ್ಡು. ಅಕ್ಷರಗಳು ಸವೆದು ಅರ್ಧ ಕೀಗಳು ಬೋಳಾಗಿವೆ, ಅವರಿಗೆ ಬೇಕಾಗಿಯೂ ಇಲ್ಲ. ಎಕ್ಸ್‌ಪಿ ಮೇಲೆ ಪುಟ ಜೋಡಿಸುವ ಪೇಜ್‌ಮೇಕರ್ 7, ಅದರೊಳಗೆ 'ನುಡಿ' ಎಂಬ ಹಳೆಯ ಕನ್ನಡ ಫಾಂಟು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದೇ ಕೊನೆ, ಅಡೋಬಿಯವರು ಎಂಟನೆಯದನ್ನು ಮಾಡಲೇ ಇಲ್ಲ. ಅವರು ಕೈಬಿಟ್ಟ ಮೇಲೂ ಕರ್ನಾಟಕದ ಅದೆಷ್ಟು ಮದುವೆಗಳು ಅದರೊಳಗಿಂದ ಹೊರಬಂದಿವೆಯೋ.

ಅವರು ಪತ್ರಿಕೆ ಮಾಡುವುದನ್ನು ನೋಡಬೇಕು. ಹೊಸದಾಗಿ ಏನನ್ನೂ ಬರೆಯುವುದಿಲ್ಲ. ಹಳೆಯ ಮದುವೆಯೊಂದರ ಫೈಲು ತೆಗೆಯುತ್ತಾರೆ. ಮೇಲಿನ ಗಣಪತಿ ಹಾಗೇ, 'ಸ್ವಸ್ತಿಶ್ರೀ ವಿಜಯಾಭ್ಯುದಯ' ಹಾಗೇ, ಕೆಳಗೆ 'ಸುಖಾಗಮನ ಬಯಸುವವರು' ಹಾಗೇ. ನಡುವೆ ಸಂವತ್ಸರ, ತಿಥಿ, ಹುಡುಗ, ಹುಡುಗಿ, ಛತ್ರ ಬದಲಾಯಿಸಿದರೆ ಮುಗಿಯಿತು. ಒಂದೊಂದು ಸಲ ಹಳೆಯ ಮದುವೆಯ ಸೋದರಮಾವ ಹೊಸ ಮದುವೆಯ ಪತ್ರಿಕೆಯಲ್ಲಿ ಉಳಿದುಬಿಡುವುದುಂಟು. ಕರಡು ನೋಡಿದವರು 'ಇವರು ಯಾರು ಸಾರ್?' ಎಂದು ಕೇಳಿದಾಗ, 'ಓ, ಇವರು ಬೇರೆ ಪಾರ್ಟಿ' ಎಂದು ಅವರನ್ನು ಕಳಿಸಿಕೊಡುತ್ತಾರೆ.

"ಹೊಸ ವಿಂಡೋಸ್ ಹಾಕಿಸಬಾರದಾ ಸಾರ್?" ಎಂದು ಒಮ್ಮೆ ಕೇಳಿದೆ.

"ಹಾಕಿಸಬಹುದು. ಹಾಕಿದರೆ ಪೇಜ್‌ಮೇಕರ್ ಸರಿಯಾಗಿ ಕೂರಲ್ಲ ಅಂತಾರೆ. ಪೇಜ್‌ಮೇಕರ್ ಬಿಟ್ಟರೆ ಈ ಫಾಂಟು ಬಿಡಬೇಕು. ಫಾಂಟು ಬಿಟ್ಟರೆ ಈ ಫೈಲೆಲ್ಲ ಹೋಯ್ತು. ಆ ಸ್ಕ್ಯಾನರನ್ನು ನಡೆಸೋ ಡ್ರೈವರ್ ಸಾಫ್ಟ್‌ವೇರ್ ಸಿಗಲ್ಲ. ಆಮೇಲೆ ನಾನು ಏನು ಮಾಡಲಿ ಹೇಳಿ?"

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಬರೆದದ್ದು ನಮಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗಗಳಲ್ಲಿ ನಮ್ಮ ತಲೆಕಟ್ಟು, ಗುಡಿಸು, ಕೊಂಬು, ಒತ್ತುಗಳ ತುಂಡುಗಳನ್ನು ಕೂರಿಸಿ ಕೆಲಸ ಸಾಗಿಸಿದ್ದರು. ಬೇರೆ ದಾರಿ ಇಲ್ಲದ ಕಾಲಕ್ಕೆ ಅದು ದೊಡ್ಡ ಜಾಣತನವೇ. ಆದರೆ ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದೇ ಫೈಲು ತೆರೆದರೆ ವಧೂವರರು ಮಾಯ. ತಲೆಯ ಮೇಲೆ ಗೀಟು, ಚುಕ್ಕೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿರುತ್ತವೆ. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾದ ಯೂನಿಕೋಡ್ ಬಂದ ಮೇಲೆ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಜಾಗ ಸಿಕ್ಕಿತು. ಪೇಜ್‌ಮೇಕರಿಗೆ ಮಾತ್ರ ಯೂನಿಕೋಡ್ ಗೊತ್ತೇ ಇಲ್ಲ.

ಹಾಗಾಗಿ ವಿಂಡೋಸ್ ಮೇಲಿನ ಮೋಹ ಎಂದು ನಾವು ಕರೆಯುವುದು ವಿಂಡೋಸ್ ಮೇಲಿನದಲ್ಲ. ಆಪರೇಟಿಂಗ್ ಸಿಸ್ಟಮ್ಮನ್ನು ಯಾರು ಪ್ರೀತಿಸುತ್ತಾರೆ? ಅದರ ಮೇಲೆ ಕೂತಿರುವುದು ಬೀಳುತ್ತದಲ್ಲ ಎಂಬ ಚಿಂತೆ. ಹೊಸದನ್ನು ಮಾಡುವವರು ತಮ್ಮ ಸಾಮಾನನ್ನು ಮಾತ್ರ ನೋಡುತ್ತಾರೆ. ಅದರ ಮೇಲೆ ನಾವು ಇಷ್ಟು ವರ್ಷ ಏನೇನು ಪೇರಿಸಿಟ್ಟಿದ್ದೇವೆ ಎಂದು ಅವರಿಗೆ ಗೊತ್ತಿಲ್ಲ. ಗೊತ್ತಾಗಬೇಕಿತ್ತು ಎಂದು ನಿರೀಕ್ಷಿಸುವುದೂ ಕಷ್ಟ.

ಹೊಸದರಿಂದ ಲಾಭವೇ ಆಗಲಿಲ್ಲ ಎಂದರೆ ತಪ್ಪಾಗುತ್ತದೆ. ವಿಂಡೋಸ್‌ಗೆ ಯೂನಿಕೋಡ್ ಕನ್ನಡ ಬಂದದ್ದೇ ಎಕ್ಸ್‌ಪಿಯಿಂದ, 'ತುಂಗಾ' ಎಂಬ ಫಾಂಟಿನ ಜೊತೆಗೆ. ಆದರೆ ತುಂಗೆ ಸುಮ್ನೆ ಹರಿಯುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿಗೆ ಹೋಗಿ, ಭಾಷೆಗಳ ಪುಟದಲ್ಲಿ ಒಂದು ಟಿಕ್ ಹಾಕಬೇಕು. ಆಗ ಅದು ಎಕ್ಸ್‌ಪಿ ಸಿಡಿ ಕೊಡು ಎನ್ನುತ್ತಿತ್ತು. ನಮ್ಮಲ್ಲಿ ಸಿಡಿ ಯಾರ ಹತ್ತಿರ ಇತ್ತು? ಹಾಕಿಕೊಟ್ಟ ಹುಡುಗನ ಬ್ಯಾಗಿನಲ್ಲಿ. ಅವನು ಬರುವವರೆಗೆ ಕನ್ನಡದ ಜಾಗದಲ್ಲಿ ಚೌಕಗಳು. ಈಗ ಯಾವ ಕಂಪ್ಯೂಟರ್ ತೆಗೆದರೂ ಕನ್ನಡ ತಾನಾಗಿ ಕಾಣುತ್ತದೆ, ಅಲ್ವಾ? ಇದಕ್ಕೆ ಮಾತ್ರ ನಾನು ಅಪ್‌ಗ್ರೇಡಿಗೆ ಪೂರ್ತಿ ಅಂಕ ಕೊಡುತ್ತೇನೆ.

ಹೆದರಿಸುವವರ ಮಾತಿನಲ್ಲೂ ಹುರುಳಿದೆ. 2017ರ ಮೇ 12ರಂದು ವಾನ್ನಾಕ್ರೈ ಎಂಬ ಪಿಡುಗು ಹಬ್ಬಿತು. ಫೈಲುಗಳಿಗೆಲ್ಲ ಬೀಗ ಹಾಕಿ, ಕೀಲಿಗೆ ದುಡ್ಡು ಕೇಳುವ ಜಾತಿ. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಆಗ ಎಲ್ಲರೂ ಎಕ್ಸ್‌ಪಿಯನ್ನು ಬೈದರು. ಆಮೇಲೆ ನೋಡಿದರೆ ಬಲಿಯಾದವುಗಳಲ್ಲಿ ಬಹುಪಾಲು ವಿಂಡೋಸ್ 7. ಅದಕ್ಕೆ ಆಗ ಬೆಂಬಲ ಇತ್ತು, ತೂತು ಮುಚ್ಚುವ ತೇಪೆ ಎರಡು ತಿಂಗಳ ಹಿಂದೆ, ಮಾರ್ಚಿನಲ್ಲೇ ಬಂದಿತ್ತು. 'ಆಮೇಲೆ ನೆನಪಿಸು' ಎಂದವರು ಸಿಕ್ಕಿಬಿದ್ದರು. ಬೆಂಬಲ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ಒಂದು ತೇಪೆ ಕೊಟ್ಟಿತು.

ದೊಡ್ಡವರೂ ಹೀಗೆಯೇ ಎಂದು ತಿಳಿದರೆ ಸ್ವಲ್ಪ ಸಮಾಧಾನ. ಅಮೆರಿಕದ ನೌಕಾಪಡೆ 2015ರಲ್ಲಿ ಎಕ್ಸ್‌ಪಿಯಂಥ ಹಳೆಯ ಸರಕಿಗೆ ಬೆಂಬಲ ಮುಂದುವರಿಸಿ ಎಂದು ಮೈಕ್ರೋಸಾಫ್ಟಿಗೆ 90 ಲಕ್ಷ ಡಾಲರಿಗೂ ಜಾಸ್ತಿ ಕೊಟ್ಟಿತು. ನಮ್ಮ ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿ, ಎಟಿಎಂಗಳಲ್ಲಿರುವ ಬೆಂಬಲವಿಲ್ಲದ ಆಪರೇಟಿಂಗ್ ಸಿಸ್ಟಮ್ಮುಗಳನ್ನು ಹಂತಹಂತವಾಗಿ 2019ರ ಜೂನ್ ಒಳಗೆ ಬದಲಾಯಿಸಿ ಎಂದಿತು. ಎಕ್ಸ್‌ಪಿಯ ಬೆಂಬಲ ನಿಂತು ಆಗಲೇ ನಾಲ್ಕು ವರ್ಷ ಕಳೆದಿತ್ತು. ದುಡ್ಡು ಕೊಡುವ ಪೆಟ್ಟಿಗೆಯೇ 'ನಡೀತಾ ಇದೆಯಲ್ಲ' ಎಂದು ಕೂತಿದ್ದರೆ ಪತ್ರಿಕೆ ಮಾಡುವವರನ್ನು ಏನೆನ್ನುವುದು?

ವಿಂಡೋಸ್ 11ರ ವಿಷಯ ಇನ್ನೂ ಒಂದು ಕೈ ಮೇಲೆ. ನೀವು ಹೂಂ ಅಂದರೂ ಅದು ಊಹೂಂ ಅನ್ನಬಹುದು. ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಪ್ರೊಸೆಸರ್ ಇರಬೇಕು. ಏಳನೆಯ ತಲೆಮಾರಿನದು ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಬಹುತೇಕ ಒಳಗೆ ಬಿಡುವುದಿಲ್ಲ. 2015ರಲ್ಲಿ ಮೈಕ್ರೋಸಾಫ್ಟಿನವರೇ ಒಬ್ಬರು ವೇದಿಕೆ ಹತ್ತಿ, ವಿಂಡೋಸ್ 10 ಕೊನೆಯ ವಿಂಡೋಸ್ ಎಂದಿದ್ದರು. ಆರು ವರ್ಷಕ್ಕೆ 11 ಬಂತು. ಮನೆಯಲ್ಲಿ ಬಳಸುವವರಿಗೆ ಹೆಸರು ನೋಂದಾಯಿಸಿದರೆ 2026ರ ಅಕ್ಟೋಬರ್ 13ರವರೆಗೆ ತೇಪೆ ಕೊಡುತ್ತೇವೆ ಎಂದು ಒಂದು ವರ್ಷದ ವಾಯಿದೆಯನ್ನೂ ಕೊಟ್ಟರು. ಅವರಿಗೂ ನಾಳೆ ಎನ್ನಲು ಬರುತ್ತದೆ.

ಆದರೆ ನಾನು ನೋಡಿದ ಹಾಗೆ ಹಳೆಯ ಕಂಪ್ಯೂಟರನ್ನು ಮೂಲೆಗೆ ತಳ್ಳುವುದು ಈ ತಾರೀಖುಗಳಲ್ಲ, ಬ್ರೌಸರು. ಕ್ರೋಮ್ 2016ರಲ್ಲಿ ಎಕ್ಸ್‌ಪಿಯನ್ನು ಬಿಟ್ಟಿತು, 2023ರಲ್ಲಿ ವಿಂಡೋಸ್ 7 ಅನ್ನು ಬಿಟ್ಟಿತು. ಆಮೇಲೆ ಒಂದೊಂದೇ ವೆಬ್‌ಸೈಟು ಮುಖ ತಿರುಗಿಸುತ್ತದೆ. ಇವತ್ತು ಬ್ಯಾಂಕಿನದು ತೆರೆಯುವುದಿಲ್ಲ, ನಾಳೆ ಜಿಎಸ್‌ಟಿಯದು. ಡಿಟಿಪಿ ಅಂಗಡಿಗೂ ಹೊಸ ಕಂಪ್ಯೂಟರ್ ಬಂದದ್ದು ಹೀಗೇ, ಜಿಎಸ್‌ಟಿ ರಿಟರ್ನ್ ಹಾಕಬೇಕಾಗಿ. ಈಗ ಅಕ್ಕಪಕ್ಕ ಎರಡಿವೆ. ಹೊಸದಕ್ಕೆ ಇಂಟರ್‌ನೆಟ್ ಇದೆ. ಹಳೆಯದರ ಕೇಬಲ್ ಕಿತ್ತು ಹಾಕಿದ್ದಾರೆ. ನಡುವೆ ಒಂದು ಪೆನ್‌ಡ್ರೈವ್ ಓಡಾಡುತ್ತದೆ. ಊರಿನ ವೈರಸ್ಸೆಲ್ಲ ಪೆನ್‌ಡ್ರೈವ್ ಏರಿಯೇ ಬರುತ್ತಿದ್ದ ಕಾಲ ಅವರಿಗೆ ನೆನಪಿದೆ. ಅದಕ್ಕೇ ಗಿರಾಕಿಗಳ ಪೆನ್‌ಡ್ರೈವನ್ನು ಹಳೆಯದಕ್ಕೆ ಚುಚ್ಚಲು ಬಿಡುವುದಿಲ್ಲ. "ವಾಟ್ಸಾಪ್ ಮಾಡಿ" ಎನ್ನುತ್ತಾರೆ. ಭದ್ರತೆಯ ಪಾಠ ಓದಿದವರೂ ಇದಕ್ಕಿಂತ ದೊಡ್ಡದೇನು ಹೇಳಿಯಾರು?

ಅವರ ಮಗ ರಜೆಗೆ ಬಂದಾಗ, "ಅಪ್ಪ, ಎಲ್ಲ ಯೂನಿಕೋಡ್ ಮಾಡಿಬಿಡೋಣ" ಎಂದು ಕೂತ. ಪರಿವರ್ತಕ ತಂತ್ರಾಂಶಗಳಿವೆ. ಮದುವೆ ಪತ್ರಿಕೆ ಬೇಡ, ದೇವಸ್ಥಾನದ ಹಳೆಯ ಸ್ಮರಣ ಸಂಚಿಕೆಯಿಂದ ಶುರು ಮಾಡು ಎಂದರು ಅಪ್ಪ. ಅದನ್ನು ಬರೆದವರಲ್ಲಿ ಹಲವರು ಈಗ ಇಲ್ಲ, ಊರಿನ ಕೆರೆಯ ಕಥೆ ಬೇರೆಲ್ಲೂ ಅಚ್ಚಾಗಿಲ್ಲ. ಹುಡುಗ ಒಂದು ಮಧ್ಯಾಹ್ನದಲ್ಲಿ ಪರಿವರ್ತಿಸಿ ಕೊಟ್ಟ. ಅಕ್ಷರಗಳು ಬಂದವು, ಅರ್ಕಾವತ್ತು ಕೈಕೊಟ್ಟಿತು. ಹಳೆಯ ಪದ್ಧತಿಯಲ್ಲಿ 'ಧರ್ಮ' ಎಂದು ಬರೆಯುವಾಗ ಅರ್ಕಾವತ್ತು 'ಮ' ಆದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ 'ರ್' ಮೊದಲು ಬರಬೇಕು. ಕೆಲವು ಕಡೆ ತಂತ್ರಾಂಶ ಅದನ್ನು ಹಿಂದಕ್ಕೆ ತಂದಿದೆ, ಕೆಲವು ಕಡೆ ಮರೆತು 'ಧಮ' ಮಾಡಿದೆ. ಅಂಕಿಯ ಸೊನ್ನೆ ಮತ್ತು ಅನುಸ್ವಾರ ಕೂಡ ಒಂದರ ಜಾಗದಲ್ಲಿ ಒಂದು ಕೂತಿವೆ.

"ನೀವು ಕನ್ನಡ ಚೆನ್ನಾಗಿ ಓದ್ತೀರಲ್ಲ ಸಾರ್, ಸ್ವಲ್ಪ ನೋಡಿಕೊಡಿ" ಎಂದು ಪ್ರಿಂಟು ನನ್ನ ಕೈಗಿಟ್ಟಿದ್ದಾರೆ. ಕೆಂಪು ಪೆನ್ನು ಹಿಡಿದು ಕೂತಿದ್ದೇನೆ. ಕೆರೆಯ ಕಥೆ ಮುಗಿದಿದೆ. ದಾನಿಗಳ ಪಟ್ಟಿ ಪೂರ್ತಿ ಬಾಕಿ ಇದೆ, ಅದರಲ್ಲಿ ಹೆಜ್ಜೆಗೊಬ್ಬ ಶರ್ಮ, ವರ್ಮ, ಧರ್ಮಪ್ಪ.