ಎಲ್ಲೋ ಲೂಸ್ ಐತೆ

ನಮ್ಮ ಭಾವನವರ ಪ್ರಕಾರ ಈ ಲೋಕದಲ್ಲಿ ಏನೇ ಕೆಟ್ಟರೂ ಕಾರಣ ಒಂದೇ. ಲೂಸ್ ಕನೆಕ್ಷನ್. ಫ್ಯಾನ್ ತಿರುಗದಿದ್ದರೆ ಲೂಸ್ ಕನೆಕ್ಷನ್. ಬೋರ್‌ವೆಲ್ ನೀರೆತ್ತದಿದ್ದರೆ ಲೂಸ್ ಕನೆಕ್ಷನ್. ಹರಿಹರದ ಕಡೆ ನೋಡಿದ್ದ ಸಂಬಂಧ ಮುರಿದುಬಿದ್ದಾಗಲೂ ಅವರು "ಎಲ್ಲೋ ಲೂಸ್ ಐತೆ ಬಿಡು" ಎಂದೇ ಸಮಾಧಾನ ಮಾಡಿದ್ದರು. ಒಂದು ಕಾಲದಲ್ಲಿ ದಾವಣಗೆರೆಯ ಮದುವೆ ಮನೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಆ ಅನುಭವದ ಮೇಲೆ ಇವತ್ತಿಗೂ ಯಾವ ವೈರ್ ಕಂಡರೂ ಹಿಡಿದು ಅಲ್ಲಾಡಿಸುತ್ತಾರೆ.

ಭಾನುವಾರ ಸಂಜೆ ಅವರು ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದಾಗ ನಾನು ಹಾಲ್ ತುಂಬಾ ಮಿಡಿ ಸೆಟ್, ಅಂದರೆ ಒಂದು ವಾದ್ಯ ನುಡಿಸಿ ಇನ್ನೊಂದರಲ್ಲಿ ಸದ್ದು ಹೊರಡಿಸುವ ಸಾಮಾನು, ಹರಡಿಕೊಂಡು ಕೂತಿದ್ದೆ. ನನ್ನ ಹಳೇ ಕೀಬೋರ್ಡ್, ಬೆಂಗಳೂರಿನಿಂದ ತರಿಸಿದ ಸೆಕೆಂಡ್ ಹ್ಯಾಂಡ್ ಸೌಂಡ್ ಮಾಡ್ಯೂಲ್, ಐದು ಪಿನ್ನಿನ ಕೇಬಲ್‌ಗಳು. ನಮ್ಮ ಬೀದಿ ಗಣೇಶನ ಆರ್ಕೆಸ್ಟ್ರಾಕ್ಕೆ ಒಂದು ಒಳ್ಳೆ ಶಹನಾಯಿ ಸದ್ದು ಬೇಕಿತ್ತು, ಅಷ್ಟೇ. ಮಾಡ್ಯೂಲ್‌ಗೆ ಕೀಗಳು ಇರುವುದಿಲ್ಲ. ಬರೀ ಡಬ್ಬಿ. "ದುಡ್ಡು ಕೊಟ್ಟು ಅರ್ಧ ಸಾಮಾನು ತರಿಸ್ಕೊಂಡಿದಾರೆ" ಎಂದು ನನ್ನವಳು ತವರಿಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದಳು.

"ಸೌಂಡ್ ಬರ್ತಿಲ್ವೇನೋ?" ಎಂದರು ಭಾವ.

"ಇನ್ನೂ ಜೋಡಿಸಿಲ್ಲ ಭಾವ."

"ಲೂಸ್ ಇರ್ಬೇಕು."

ಸಿಕ್ಕಿಸದೇ ಇರೋ ಕೇಬಲ್ ಲೂಸ್ ಆಗೋದು ಹೇಗೆ? ಕೇಳುವ ಹಾಗಿಲ್ಲ. ಅಕ್ಕನ ಗಂಡ.

ಅವರಿಗೆ ಮಿಡಿ ವಿಷಯ ಹೇಳಲು ಹೋದೆ. ಈ ಕೇಬಲ್ ಒಳಗೆ ಸದ್ದೇ ಹೋಗುವುದಿಲ್ಲ. ಬರೀ ಸುದ್ದಿ ಹೋಗುತ್ತದೆ. ಇಂಥ ಕೀ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಈಗ ಬಿಟ್ಟರು. ಅದನ್ನು ಕೇಳಿಕೊಂಡು ಡಬ್ಬಿ ತಾನೇ ಸದ್ದು ಮಾಡುತ್ತದೆ. ಭಾವ ಮಿರ್ಚಿ ತೊಟ್ಟು ಕಿತ್ತು ಹಾಕಿ, "ಸೌಂಡೇ ಹೋಗದಿದ್ರೆ ಅದು ಎಂಥ ವೈರೋ!" ಎಂದರು.

ಚಹಾಕ್ಕೆ ಹೇಳಿ ಬರುವಷ್ಟರಲ್ಲಿ ಅವರೇ ಕೇಬಲ್ ಸಿಕ್ಕಿಸಿಬಿಟ್ಟಿದ್ದರು. ಕೀಬೋರ್ಡಿನ ಇನ್‌ನಿಂದ ಮಾಡ್ಯೂಲಿನ ಇನ್‌ಗೆ. "ಜೋಡಿ ಸರಿಯಾಗಿ ಕೂಡ್ಸೀನಿ ನೋಡು" ಅಂತ ಬೇರೆ. ಔಟ್‌ನಿಂದ ಇನ್‌ಗೆ ಹೋಗಬೇಕು. ಆದರೆ ಇನ್, ಔಟ್, ಬಂದ ಸುದ್ದಿಯನ್ನು ಮುಂದಕ್ಕೆ ದಾಟಿಸುವ ಥ್ರೂ, ಮೂರಕ್ಕೂ ಒಂದೇ ಥರದ ತೂತು. ಇದನ್ನು ಮಾಡಿದ ಪುಣ್ಯಾತ್ಮರ ಮನೆಯಲ್ಲಿ ಭಾವಂದಿರು ಇರಲಿಲ್ಲ ಅಂತ ಕಾಣುತ್ತದೆ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಎಂಬ ವಾದ್ಯಗಳ ಮೇಳದಲ್ಲಿ ಸೀಕ್ವೆನ್ಶಿಯಲ್ ಕಂಪನಿಯ ಪ್ರಾಫೆಟ್-600 ಮತ್ತು ಜಪಾನಿನ ರೋಲ್ಯಾಂಡ್ ಕಂಪನಿಯ ಜುಪಿಟರ್-6 ಕೀಬೋರ್ಡ್‌ಗಳನ್ನು ಕೇಬಲ್ ಹಾಕಿ ಜೋಡಿಸಿ ತೋರಿಸಿದ್ದರು. ಒಂದನ್ನು ನುಡಿಸಿದರೆ ಇನ್ನೊಂದು ನುಡಿಯಿತು. ವ್ಯಾಪಾರದಲ್ಲಿ ಎದುರಾಳಿಗಳಾಗಿದ್ದ ಕಂಪನಿಗಳ ಸಾಮಾನು ಸಲೀಸಾಗಿ ಮಾತಾಡಿಕೊಂಡವು. ಯಾರೂ ಬಂದು ಅಲ್ಲಾಡಿಸಲಿಲ್ಲವಲ್ಲ!

ಕೇಬಲ್ ಸರಿ ಮಾಡಿ ಸಿಕ್ಕಿಸಿದ ಮೇಲೆ ನಂಬರಿನ ಗೋಳು. ಯಾವ ನಂಬರಿಗೆ ಯಾವ ಸದ್ದು ಅಂತ ಹೇಳುವ, 1991ರಲ್ಲಿ ಬಂದ ಜನರಲ್ ಮಿಡಿ ಪಟ್ಟಿಯಲ್ಲಿ 128 ಸದ್ದುಗಳಿವೆ. ಶಹನಾಯಿ 112. ಮಾಡ್ಯೂಲ್ ಒಂದರಿಂದ ಎಣಿಸುತ್ತದೆ, ನನ್ನ ಕೀಬೋರ್ಡ್ ಸೊನ್ನೆಯಿಂದ. ಹಾಗಾಗಿ ಕೀಬೋರ್ಡಿನಲ್ಲಿ 112 ಒತ್ತಿದರೆ ಅಲ್ಲಿ 113 ಬಂದು ಕೂರುತ್ತದೆ, ಕಿಣಿಕಿಣಿ ಗಂಟೆ. ಕಡೆಯ ಎರಡಂತೂ ಕೇಳಲೇಬೇಡಿ. 127 ಚಪ್ಪಾಳೆ, 128 ಬಂದೂಕಿನ ಸದ್ದು. ಭಾವ ಗಂಟೆ ಕೇಳಿ ಕೈ ಮುಗಿದು, "ಲೂಸ್ ಐತೆ" ಎಂದರು.

111 ಒತ್ತಿದೆ. ಬಂತು ನೋಡಿ ಶಹನಾಯಿ! ಒಂದು ಕೀ ಒತ್ತಿ ಹಿಡಿದು ಕಣ್ಣು ಮುಚ್ಚಿದ್ದೇ ತಡ, ಭಾವ ಎಣ್ಣೆ ಕೈಯಲ್ಲಿ ಕೇಬಲ್ ಹಿಡಿದು ಅಲ್ಲಾಡಿಸಿದರು. ಕಿತ್ತು ಬಂತು. ಕೀ ಬಿಟ್ಟೆ. ಸದ್ದು ನಿಲ್ಲಲಿಲ್ಲ. ಒತ್ತಿದ ಸುದ್ದಿ ಮುಟ್ಟಿತ್ತು, ಬಿಟ್ಟ ಸುದ್ದಿ ಹೊರಡುವಷ್ಟರಲ್ಲಿ ದಾರಿಯೇ ಇಲ್ಲ. ಡಬ್ಬಿ ಒಂದೇ ಸ್ವರದಲ್ಲಿ ಪೀ ಅಂತ ಕೂಗುತ್ತಲೇ ಇತ್ತು. ಅದಕ್ಕೆ ಉಸಿರು ಕಟ್ಟುವ ಭಯವಿಲ್ಲ.

"ಬಂತಲ್ಲೋ ಸೌಂಡು!" ಭಾವ ಕುಣಿದಾಡಿದರು. ಕೈಯಲ್ಲಿ ಕಿತ್ತು ಬಂದ ಕೇಬಲ್. "ಹೇಳಿರ್ಲಿಲ್ವಾ ಲೂಸ್ ಅಂತ? ವೈರೇ ಬೇಕಾಗಿಲ್ಲ ಇದಕ್ಕೆ!"

ಆಫ್ ಮಾಡಲು ಹೋದರೆ ಕೈ ಹಿಡಿದು, "ಇರು, ಅಕ್ಕನಿಗೆ ಕೇಳಿಸ್ತೀನಿ" ಎಂದು ಫೋನ್ ತೆಗೆದರು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. "ಯಾರದ್ದಪ್ಪಾ ಮದುವೆ? ನಮಗೆ ಹೇಳ್ಲೇ ಇಲ್ಲ." ಅವರಿಗೆ ಸಮಾಧಾನ ಹೇಳುವುದೋ, ಡಬ್ಬಿಯ ಬಾಯಿ ಮುಚ್ಚಿಸುವುದೋ! ಕೊನೆಗೆ ನನ್ನವಳು ಬಂದು ಗೋಡೆಯ ಸ್ವಿಚ್ಚನ್ನೇ ಆರಿಸಿದಳು.

ನಮ್ಮ ಅಪ್ಪ ಪೇಟಿ ನುಡಿಸುತ್ತಿದ್ದರು. ಎಡಗೈ ತಿದಿ ಬಿಟ್ಟರೆ ಸದ್ದು ತಾನಾಗಿ ಇಳಿದು ನಿಲ್ಲುತ್ತಿತ್ತು. ಸಂಜೆ ನುಡಿಸುತ್ತಾ ಕೂತಿದ್ದಾಗ ಯಾರಾದರೂ ಮಾತಾಡಿಸಿದರೆ ಕೈ ನಿಲ್ಲಿಸಿ ಕೇಳುತ್ತಿದ್ದರು. ಆ ಪೇಟಿಯ ಒಂದೆರಡು ಕೀ ಈಗ ಮೇಲೇಳುವುದಿಲ್ಲ. ಅದನ್ನೂ ಭಾವ ಅಲ್ಲಾಡಿಸಿ ನೋಡಿದ್ದಾರೆ.

ಮೊನ್ನೆ ಗಣೇಶ ಸಮಿತಿಯವರು ಸೌಂಡಿನ ಪೂರ್ತಿ ಜವಾಬ್ದಾರಿ ಭಾವನಿಗೇ ವಹಿಸಿದರು. ನನ್ನ ಸೆಟ್ ರಿಪೇರಿ ಮಾಡಿದವರು ಅಂತ ಊರೆಲ್ಲ ಹೆಸರಾಗಿದೆ. ಅಧ್ಯಕ್ಷರ ಭಾಷಣಕ್ಕೆ ಜನ ಚಪ್ಪಾಳೆ ತಟ್ಟುವುದಿಲ್ಲ ಎಂದು ಗೊತ್ತಿರುವುದರಿಂದ, ಭಾಷಣ ಮುಗಿದ ಕೂಡಲೇ ಕೀಬೋರ್ಡಿನಿಂದ ತಾವೇ ಚಪ್ಪಾಳೆ ಹೊಡೆಸುತ್ತಾರಂತೆ. ಮರೆಯಬಾರದೆಂದು 127 ಅಂತ ದಪ್ಪಗೆ ಬರೆದು ಕೀಬೋರ್ಡಿಗೆ ಅಂಟಿಸಿದ್ದಾರೆ. ನಾನು ಸುಮ್ನಿದ್ದೇನೆ.