ತಂತಿ ಇಳಿಸಿದ ಮಾತ್ರಕ್ಕೆ ಸ್ಲಡ್ಜ್ ಆಗುವುದಿಲ್ಲ

ಸ್ಲಡ್ಜ್ ಮೆಟಲ್, ಅಂದರೆ ಹಾರ್ಡ್‌ಕೋರ್ ಪಂಕ್ ಮತ್ತು ಹೆವಿ ಮೆಟಲ್ ಬೆರೆತ ನಿಧಾನಗತಿಯ ಭಾರದ ರಾಕ್, ನುಡಿಸಲು ಹೊರಟವರು ಮೊದಲು ಗಿಟಾರಿನ ದಪ್ಪ ತಂತಿಯನ್ನು ‘ಎ’ ಸ್ವರದವರೆಗೆ ಇಳಿಸುತ್ತಾರೆ, ಆಮೇಲೆ ಆಂಪ್‌ನಲ್ಲಿ ಸದ್ದು ಒಡೆಯುವಂತೆ ಮಾಡುವ ‘ಗೇನ್’ ಗುಂಡಿಯನ್ನು ಪೂರ್ತಿ ತಿರುಗಿಸುತ್ತಾರೆ. ಎರಡೂ ಬೇಕಿಲ್ಲ. ನಂಬಿಕೆ ಬರದಿದ್ದರೆ ಮೆಲ್ವಿನ್ಸ್ ತಂಡದ ಮೊದಲ ಆಲ್ಬಂ ‘ಗ್ಲೂಯಿ ಪೋರ್ಚ್ ಟ್ರೀಟ್‌ಮೆಂಟ್ಸ್’ ಕೇಳಿ. 1987ರಲ್ಲಿ ಆಲ್ಕೆಮಿ ಲೇಬಲ್‌ನಿಂದ ಬಂತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮರ ಕಡಿಯುವ ಊರುಗಳ ಕಡೆಯ ಮೂವರು: ಗಿಟಾರ್ ಮತ್ತು ಹಾಡಿಗೆ ಬಝ್ ಓಸ್ಬೋರ್ನ್, ಬೇಸ್‌ಗೆ ಮ್ಯಾಟ್ ಲೂಕಿನ್, ಡ್ರಮ್ಸ್‌ಗೆ ಡೇಲ್ ಕ್ರೋವರ್. ಸ್ಲಡ್ಜ್ ಅನ್ನುವ ಹೆಸರು ಗಟ್ಟಿಯಾಗುವ ಮೊದಲೇ ಅದರ ಸದ್ದು ಇಲ್ಲಿ ಸಿದ್ಧವಾಗಿತ್ತು.

ಇದಕ್ಕೆ ದಾರಿ ಮಾಡಿದ್ದು ಹಾರ್ಡ್‌ಕೋರ್ ಪಂಕ್ ತಂಡ ಬ್ಲ್ಯಾಕ್ ಫ್ಲ್ಯಾಗ್‌ನ 1984ರ ಆಲ್ಬಂ ‘ಮೈ ವಾರ್’. ಅದರ ಎರಡನೇ ಬದಿಯಲ್ಲಿ ಮೂರೇ ಹಾಡು, ಒಂದೊಂದೂ ಆರು ನಿಮಿಷ ದಾಟುತ್ತದೆ. ವೇಗಕ್ಕೆ ಒಗ್ಗಿದ್ದ ಹಾರ್ಡ್‌ಕೋರ್ ಕೇಳುಗರಿಗೆ ಆ ನಿಧಾನ ಹಿಡಿಸಲಿಲ್ಲ. ಮೆಲ್ವಿನ್ಸ್ ಅದನ್ನೇ ಎತ್ತಿಕೊಂಡು ಹೆವಿ ಮೆಟಲ್ ತಂಡ ಬ್ಲ್ಯಾಕ್ ಸಬ್ಬತ್‌ನ ಭಾರ ಸೇರಿಸಿದರು. ಅವರ ಆಲ್ಬಂನ ಮೊದಲ ಹಾಡು ‘ಐ ಫ್ಲೈಸ್’ನಲ್ಲಿ ಬೇಸ್ ಒಂದೇ ಕಡೆ ಸುತ್ತುತ್ತಿರುತ್ತದೆ, ಡ್ರಮ್ಸ್ ಬಿಟ್ಟು ಬಿಟ್ಟು ಬೀಳುತ್ತದೆ, ದನಿ ಬರಲು ಬಹಳ ಹೊತ್ತು ಕಾಯಬೇಕು. ಆ ಕಾಯಿಸುವಿಕೆಯಲ್ಲೇ ಭಾರ ಹುಟ್ಟುತ್ತದೆ.

ಆ ಕಾಲಕ್ಕೆ ಬಝ್ ನೆಚ್ಚಿಕೊಂಡಿದ್ದ ಟ್ಯೂನಿಂಗ್ ಡ್ರಾಪ್ ಡಿ, ಅಂದರೆ ದಪ್ಪನೆಯ ಆರನೇ ತಂತಿಯೊಂದನ್ನೇ ‘ಇ’ಯಿಂದ ‘ಡಿ’ಗೆ ಇಳಿಸುವುದು. ಇದನ್ನು ತನಗೆ ತಿಳಿಸಿದ್ದು ಬಝ್ ಎಂದು ಸೌಂಡ್‌ಗಾರ್ಡನ್ ತಂಡದ ಗಿಟಾರ್ ವಾದಕ ಕಿಮ್ ಥಾಯಿಲ್ ಹೇಳಿದ್ದಾರೆ. ಆರನೇ ತಂತಿ 82.4 ಹರ್ಟ್ಸ್‌ನಿಂದ 73.4ಕ್ಕೆ ಇಳಿಯುತ್ತದೆ, ಬಿಗಿ ಸುಮಾರು ಐದನೇ ಒಂದು ಪಾಲು ಕಡಿಮೆಯಾಗುತ್ತದೆ. ಮಾಮೂಲಿ 46ರ (ದಪ್ಪ ಇಂಚಿನ ಸಾವಿರದಲ್ಲಿ 46 ಪಾಲು) ತಂತಿಯ ಜಾಗಕ್ಕೆ 52 ಹಾಕಿದರೆ ಸರಿಹೋಗುತ್ತದೆ. ‘ಎ’ಗೆ ಇಳಿದರೆ 55 ಹರ್ಟ್ಸ್; ಅದೇ 46ರ ತಂತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಿಗಿ ಹೋಗುತ್ತದೆ. ಸಡಿಲ ತಂತಿಯನ್ನು ಜೋರಾಗಿ ಮೀಟಿದಾಗ ಸ್ವರ ಮೊದಲು ಮೇಲಕ್ಕೆ ಹಾರಿ ಆಮೇಲೆ ಕೆಳಗಿಳಿಯುತ್ತದೆ, ಪ್ರತಿ ರಿಫ್ (ಮತ್ತೆ ಮತ್ತೆ ಬರುವ ಸ್ವರಗುಚ್ಛ) ಅಪಸ್ವರ. ಹಳೆಯ ಬಿಗಿಯೇ ಬೇಕೆಂದರೆ 68ರ ಆಸುಪಾಸಿನ ತಂತಿ ಬೇಕು, ಗಿಟಾರಿನ ಕತ್ತಿನ ತುದಿಯಲ್ಲಿ ತಂತಿ ಕೂರುವ ನಟ್‌ನ ಕಚ್ಚನ್ನೂ ಅಗಲ ಮಾಡಿಸಬೇಕು. ಜೊತೆಗಿರುವ ಬೇಸ್ 27.5 ಹರ್ಟ್ಸ್‌ಗೆ ಇಳಿಯುತ್ತದೆ. ಪ್ರಾಕ್ಟೀಸ್ ರೂಮಿನ ಸಣ್ಣ ಸ್ಪೀಕರ್ ಕ್ಯಾಬಿನೆಟ್ ಆ ಮೂಲಸ್ವರವನ್ನು ಕೊಡುವುದೇ ಇಲ್ಲ, ಬರೀ ಗೊರಗೊರ ಕೇಳಿಸುತ್ತದೆ.

ಗೇನ್ ಅರ್ಧದ ಹತ್ತಿರ ಇರಲಿ. ಹೆಚ್ಚಾದರೆ ಸದ್ದು ಅದುಮಿಕೊಂಡು, ಹೊಡೆತ ಯಾವುದು, ಅದರ ಬಾಲ ಯಾವುದು ಎಂದು ಗೊತ್ತಾಗುವುದಿಲ್ಲ. ಮಿಡ್, ಅಂದರೆ ನಡುವಿನ ಕಂಪನಗಳನ್ನು, ಕಡಿಮೆ ಮಾಡಬೇಡಿ. 400ರಿಂದ 800 ಹರ್ಟ್ಸ್ ತೆಗೆದರೆ ಮನೆಯಲ್ಲಿ ಒಬ್ಬರೇ ನುಡಿಸುವಾಗ ಚೆನ್ನಾಗಿರುತ್ತದೆ, ತಂಡ ಸೇರಿದ ಕೂಡಲೇ ಗಿಟಾರ್ ಮಾಯ. ಸದ್ದು ಸಣ್ಣಗಾದೊಡನೆ ಅದನ್ನು ಮುಚ್ಚಿಬಿಡುವ ನಾಯ್ಸ್ ಗೇಟ್ ಅಂತೂ ಬೇಡವೇ ಬೇಡ. ಈ ಸಂಗೀತದಲ್ಲಿ ಸ್ವರ ಆರುತ್ತಾ ಹೋಗುವ ಹೊತ್ತೇ ಮುಖ್ಯ, ಗೇಟ್ ಕತ್ತರಿಸುವುದು ಅದನ್ನೇ. ಮೌನ ಬೇಕಾದಲ್ಲಿ ಅಂಗೈಯಿಂದ ತಂತಿ ಮುಚ್ಚಿ. ಫೀಡ್‌ಬ್ಯಾಕ್ ಬೇಕಾದಲ್ಲಿ ಆಂಪ್‌ಗೆ ಎದುರಾಗಿ ಮೂರು ನಾಲ್ಕು ಅಡಿ ದೂರ ನಿಲ್ಲಿ; ಒಂದು ಹೆಜ್ಜೆ ಹಿಂದೆ ಮುಂದೆ ಆದರೆ ಸ್ವರವೇ ಬದಲಾಗುತ್ತದೆ. ಹೆಡ್‌ಫೋನ್ ಹಾಕಿ ಕೂತರೆ ಇದು ಸಿಗುವುದಿಲ್ಲ. ರೆಕಾರ್ಡ್ ಮಾಡುವಾಗ ಒಂದೇ ರಿಫ್ ಅನ್ನು ಎಡ ಸ್ಪೀಕರ್‌ಗೊಮ್ಮೆ ಬಲಕ್ಕೊಮ್ಮೆ ಬೇರೆ ಬೇರೆಯಾಗಿ ನುಡಿಸಿ, ಗೇನ್ ಇನ್ನೂ ಸ್ವಲ್ಪ ಇಳಿಸಿ.

ಎಲ್ಲಕ್ಕಿಂತ ಕಷ್ಟ ಡ್ರಮ್ಸ್. ನಿಮಿಷಕ್ಕೆ 60 ಬಡಿತ ಅಂದರೆ ನಾಲ್ಕು ಬಡಿತದ ಒಂದು ಬಾರ್‌ಗೆ ನಾಲ್ಕು ಸೆಕೆಂಡ್. ಆ ಖಾಲಿ ಜಾಗದ ಭಯಕ್ಕೆ ಕೈ ಮುಂದೆ ಓಡುತ್ತದೆ. ಧಾರವಾಡದ ಕಡೆ ವಿಲಂಬಿತ ಏಕತಾಲ ಕೇಳಿ ಬೆಳೆದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ: ಎರಡು ಮಾತ್ರೆಗಳ ನಡುವೆ ತಬಲಾದವರು ಒಳಗೊಳಗೇ ಎಣಿಸುತ್ತಲೇ ಇರುತ್ತಾರೆ. ಇಲ್ಲೂ ಅದೇ ಉಪಾಯ. ಮೆಟ್ರೊನೋಮ್‌ನ ಕ್ಲಿಕ್ಕನ್ನು 120ಕ್ಕೆ ಇಟ್ಟು ಅರ್ಧ ವೇಗದಲ್ಲಿ ನುಡಿಸಿ, ಲಯ ಕೈಗೆ ಕೂತ ಮೇಲೆ ಕ್ಲಿಕ್ ತೆಗೆಯಿರಿ. ನಡುವಿನ ಜಾಗವನ್ನು ರೋಲ್‌ಗಳಿಂದ ತುಂಬಬೇಡಿ, ಕ್ರ್ಯಾಶ್ ಸಿಂಬಲ್ ತಾನೇ ಆರಲಿ. ಕ್ರೋವರ್ ಹೊಡೆತ ಎಷ್ಟು ಜೋರೋ ಅವರ ತಡೆಯುವಿಕೆಯೂ ಅಷ್ಟೇ ಜೋರು. 1988ರ ಜನವರಿಯಲ್ಲಿ ನಿರ್ವಾಣ ತಂಡ ಸಿಯಾಟಲ್‌ನಲ್ಲಿ ಮಾಡಿದ ಡೆಮೊಗೆ ಡ್ರಮ್ಸ್ ನುಡಿಸಿದ್ದೂ ಇವರೇ.

ಮೆಲ್ವಿನ್ಸ್‌ನ ಈ ಆಲ್ಬಂನಲ್ಲಿ ನನಗೆ ಅಷ್ಟಾಗಿ ಹಿಡಿಸದ್ದು ತೀರಾ ಚಿಕ್ಕ ತುಣುಕುಗಳು. ರಿಫ್ ಬೇರು ಬಿಡುವ ಮೊದಲೇ ಮುಗಿದುಹೋಗುತ್ತವೆ. ಕೇಳುವುದಾದರೆ ಫೋನಿನ ಸ್ಪೀಕರ್‌ನಲ್ಲಂತೂ ಕೇಳಬೇಡಿ, ಲೂಕಿನ್ ಅವರ ಬೇಸ್ ಅರ್ಧಕ್ಕರ್ಧ ಕಾಣೆಯಾಗುತ್ತದೆ.